ಎಂಜಿ ಟಿಸಿ ಮತ್ತು ಟಿಡಿ: ಬೋರ್ ಘಾಟಿನಲ್ಲಿ ಓಡಿಸಿ ನೋಡಿದ ಹೋಲಿಕೆ

ಬ್ರಿಟನ್ನಿನ ಎಂಜಿ ಕಂಪನಿಯ ಹಳೆಯ ಸ್ಪೋರ್ಟ್ಸ್ ಕಾರು, 1951ರ ಟಿಡಿ ಮಾದರಿಯದು, ಹನ್ನೊಂದು ವರ್ಷಗಳಿಂದ ಪುಣೆಯ ನಮ್ಮ ಮನೆಯಲ್ಲಿದೆ. ಮಾಟುಂಗಾದಲ್ಲಿ ನೆಲೆಸಿರುವ ಧಾರವಾಡದ ಹಿರಿಯ ಮಿತ್ರರೊಬ್ಬರು ಅದಕ್ಕೂ ಹಿಂದಿನ ಮಾದರಿಯಾದ ತಮ್ಮ 1948ರ ಟಿಸಿಯನ್ನು ಕಳೆದ ಚಳಿಗಾಲದಲ್ಲಿ ಮೂರು ತಿಂಗಳು ನನ್ನ ವಶಕ್ಕೆ ಕೊಟ್ಟಿದ್ದರಿಂದ, ಎರಡನ್ನೂ ಮುಂಬಯಿ-ಪುಣೆ ನಡುವಿನ ಬೋರ್ ಘಾಟಿಯಲ್ಲಿ, ಒಂದೇ ಬಯಲಿನಲ್ಲಿ ಓಡಿಸಿ ನೋಡುವ ಅವಕಾಶ ಸಿಕ್ಕಿತು.

ಎಂಜಿನ್ನಿನ ಮಟ್ಟಿಗೆ ಹೇಳುವುದು ಹೆಚ್ಚಿಲ್ಲ. ಎರಡರಲ್ಲೂ ಇರುವುದು ಅದೇ 1250 ಸಿಸಿಯ, ಎರಡು ಎಸ್‌ಯು ಕಾರ್ಬುರೇಟರುಗಳ (ಪೆಟ್ರೋಲಿಗೆ ಗಾಳಿ ಬೆರೆಸುವ ಸಾಧನ), ಸುಮಾರು 54 ಅಶ್ವಶಕ್ತಿಯ ಎಂಜಿನ್. ಅದರ ಬೋಲ್ಟುಗಳ ಥ್ರೆಡ್ ಮೆಟ್ರಿಕ್ ಆಗಿದ್ದು ತಲೆ ಮಾತ್ರ ಹಳೆಯ ಬ್ರಿಟಿಷ್ ವಿಟ್‌ವರ್ತ್ ಅಳತೆಯದಾದ್ದರಿಂದ, ಯಾವುದನ್ನು ಕೊಂಡರೂ ವಿಟ್‌ವರ್ತ್ ಪಾನಾಗಳ ಒಂದು ಸೆಟ್ಟನ್ನು ಮೊದಲು ಹುಡುಕಿಕೊಳ್ಳಬೇಕು.

ನಿಜವಾದ ವ್ಯತ್ಯಾಸವಿರುವುದು ಚಕ್ರಗಳಲ್ಲಿ, ಅವುಗಳನ್ನು ಹಿಡಿದಿರುವ ಭಾಗಗಳಲ್ಲಿ. ಟಿಸಿಯ ಮುಂಭಾಗದಲ್ಲಿ ಒಂದೇ ಗಟ್ಟಿ ಆ್ಯಕ್ಸಲ್, ಲೀಫ್ ಸ್ಪ್ರಿಂಗ್, 19 ಇಂಚಿನ ಕಿರಿದಾದ ಸ್ಪೋಕ್ ಚಕ್ರಗಳಿವೆ. ಟಿಡಿಯಲ್ಲಿ ಮುಂದಿನ ಎರಡು ಚಕ್ರಗಳೂ ಕಾಯಿಲ್ ಸ್ಪ್ರಿಂಗುಗಳ ಮೇಲೆ ಸ್ವತಂತ್ರವಾಗಿ ಆಡುತ್ತವೆ. ಸ್ಟೇರಿಂಗ್ ರ್‍ಯಾಕ್ ಅಂಡ್ ಪಿನಿಯನ್ ಬಗೆಯದು (ಹಲ್ಲಿನ ಪಟ್ಟಿಯನ್ನು ಹಲ್ಲುಚಕ್ರ ಸರಿಸುವಂಥದು), ಚಕ್ರಗಳು 15 ಇಂಚಿನ ಉಕ್ಕಿನ ಡಿಸ್ಕುಗಳು.

ಬೆಳಗಿನ ಐದೂವರೆಗೆ ಘಾಟಿಯ ಬುಡದ ಖೋಪೋಲಿಯಿಂದ ಹಳೆಯ ಹೆದ್ದಾರಿಯಲ್ಲಿ ಖಂಡಾಲಾದತ್ತ ಟಿಸಿಯನ್ನು ಹತ್ತಿಸಿದ ಮೊದಲ ದಿನ, ಕಾರು ನನ್ನ ಮಾತು ಕೇಳುತ್ತಿಲ್ಲವೆಂದು ಸ್ಟೇರಿಂಗನ್ನು ಬಿಗಿಯಾಗಿ ಹಿಡಿದು ಮೇಲೆ ಮುಟ್ಟುವಷ್ಟರಲ್ಲಿ ಎರಡೂ ಭುಜಗಳು ಸೋತುಹೋಗಿದ್ದವು. ಪಕ್ಕದಲ್ಲಿ ಕುಳಿತಿದ್ದ ಮಿತ್ರರು, "ಇದು ಎತ್ತಿನ ಹಗ್ಗ ಇದ್ದಂಗ ಐತ್ರೀ, ಬಿಗಿ ಹಿಡದ್ರ ಬಗ್ಗಂಗಿಲ್ಲ, ಸ್ವಲ್ಪ ಸಡಲ ಬಿಡ್ರಿ" ಎಂದರು. ಮರುದಿನ ಬೆರಳುಗಳನ್ನು ಸಡಿಲಿಸಿ, ತಿರುವಿಗೆ ಬಹಳ ಮುಂಚೆಯೇ ತುಸು ವಾಲಿಸಿ ಬಿಟ್ಟಾಗ ಕಾರು ತಾನಾಗಿಯೇ ದಾರಿ ಹಿಡಿಯಿತು. ಹಿಂದಿನ ಚಕ್ರಗಳು ಜಾರುವ ಮೊದಲು ಸೀಟಿನ ಮೂಲಕ ಸ್ಪಷ್ಟವಾಗಿ ತಿಳಿಸುತ್ತಿದ್ದವು. ಟಿಡಿಯಲ್ಲಿ ಈ ಕಲಿಕೆಯೇ ಬೇಕಿಲ್ಲ, ತಿರುಗಿಸಿದಷ್ಟು ತಿರುಗುತ್ತದೆ. ಆದರೆ ಹತ್ತುವ ದಾರಿಯಲ್ಲಿ ನನಗೆ ಹೆಚ್ಚು ಸಂತೋಷ ಕೊಟ್ಟಿದ್ದು ಟಿಸಿಯೇ.

ಇಳಿಯುವಾಗ ಲೆಕ್ಕ ಬದಲಾಯಿತು. ಎರಡಕ್ಕೂ ಇರುವುದು ಹೈಡ್ರಾಲಿಕ್ ಡ್ರಮ್ ಬ್ರೇಕೇ ಆದರೂ, ಟಿಡಿಯ ಮುಂದಿನ ಡ್ರಮ್ಮುಗಳಲ್ಲಿ ಒಳಗಿನಿಂದ ಉಜ್ಜಿ ಚಕ್ರ ನಿಲ್ಲಿಸುವ ಎರಡೂ ಶೂಗಳು ಚಕ್ರದ ಓಟದ ಜೊತೆಗೇ ಒತ್ತಿಕೊಳ್ಳುವಂತೆ ಜೋಡಿಸಿರುವುದರಿಂದ ಅದು ಹೆಚ್ಚು ನಂಬಿಕೆಯಿಂದ ನಿಲ್ಲುತ್ತದೆ. ಟಿಸಿಯನ್ನು ಎರಡನೇ ಗೇರಿನಲ್ಲೇ ಇಳಿಸಿದರೂ ಖೋಪೋಲಿ ತಲುಪುವಾಗ ಪೆಡಲ್ ಆಳಕ್ಕಿಳಿದು, ಶೂಗಳ ಮೇಲಿನ ಲೈನಿಂಗ್ ಕಾದ ವಾಸನೆ ಮೂಗಿಗೆ ಬಡಿಯುತ್ತಿತ್ತು.

ಪುಣೆಯ ಹೊರಗಿನ ಒಂದು ಬಯಲಿನಲ್ಲಿ ಶಂಕುಗಳನ್ನಿಟ್ಟು ಗಡಿಯಾರ ಹಿಡಿದು ತಲಾ ನಾಲ್ಕು ಸುತ್ತು ಓಡಿಸಿದೆವು. ಭಾರ ಹೆಚ್ಚಿದ್ದರೂ ಟಿಡಿಯೇ ಸರಾಸರಿ ಮೂರು ಸೆಕೆಂಡು ಮುಂದಿತ್ತು. ನೇರ ಓಟದಲ್ಲಿ ಟಿಸಿ ಗಳಿಸಿದ್ದನ್ನೆಲ್ಲ ಇಕ್ಕಟ್ಟಾದ ತಿರುವುಗಳಲ್ಲಿ ಟಿಡಿ ಮರಳಿ ಪಡೆಯಿತು.

ಟಿಸಿಯ ಸ್ಪೋಕ್ ಚಕ್ರಗಳ ಬಗ್ಗೆ ಒಂದು ಮಾತು ಹೇಳಲೇಬೇಕು. ಮುಂಬಯಿಯ ಒಂದು ಗ್ಯಾರೇಜಿನವರು ಎಲ್ಲ ಸ್ಪೋಕುಗಳನ್ನೂ ಬಿಗಿ ಮಾಡಿದ್ದೇವೆಂದು ಹಣ ಪಡೆದು ಕಳಿಸಿದ ಎರಡನೇ ದಿನವೇ ಲೋಣಾವಳಾದ ಬಳಿ ಹಿಂದಿನ ಎಡ ಚಕ್ರದಿಂದ ಟಿಕ್ ಟಿಕ್ ಸದ್ದು ಬಂತು. ಇಳಿದು ನೋಡಿದರೆ ಮೂರು ಸ್ಪೋಕುಗಳು ಮುರಿದಿದ್ದವು. ಇಂಥ ಅಲಕ್ಷ್ಯ ಪ್ರಾಣಕ್ಕೇ ಎರವಾಗಬಹುದು. ಅಂದಿನಿಂದ ಪ್ರತಿ ಓಟಕ್ಕೂ ಮೊದಲು ಸಣ್ಣ ಪಾನಾದಿಂದ ಒಂದೊಂದೇ ಸ್ಪೋಕನ್ನು ತಟ್ಟಿ ಕಿವಿಗೊಡುತ್ತಿದ್ದೆ: ಬಿಗಿಯಾಗಿದ್ದರೆ ಟಿಣ್ ಎನ್ನುತ್ತದೆ, ಸಡಿಲವಿದ್ದರೆ ಟಪ್ ಎಂದು ಸತ್ತ ಸದ್ದು. ಟಿಡಿಯ ಡಿಸ್ಕ್ ಚಕ್ರಗಳಿಗೆ ಈ ಕೆಲಸವಿಲ್ಲ.

ಎಥೆನಾಲ್ ಬೆರೆತ ಈಗಿನ ಪೆಟ್ರೋಲಿಗೆ ಎರಡರ ಹಳೆಯ ರಬ್ಬರ್ ಪೈಪುಗಳೂ ತಾಳುವುದಿಲ್ಲ, ಬದಲಿಸಬೇಕು. 50 ವರ್ಷ ಮೀರಿದ ವಾಹನಗಳಿಗೆ 2021ರಲ್ಲಿ ಬಂದ 'ವಿಎ' ನೋಂದಣಿಯ ನಿಯಮದಂತೆ ಛಾಸಿ, ಬಾಡಿ, ಎಂಜಿನ್ ಮೂಲರೂಪದಲ್ಲಿರಬೇಕಾದ್ದರಿಂದ, ವೇಗದ ಆಸೆಗೆ ಎಂಜಿನ್ ಬದಲಿಸಿರುವ ಕಾರನ್ನು ಕೊಳ್ಳಬೇಡಿ. ಆ ನೋಂದಣಿಯ ಕಾರನ್ನು ದಿನನಿತ್ಯ ಓಡಿಸುವಂತೆಯೂ ಇಲ್ಲ.

ಹಳೆಯ ಕಾರುಗಳ ಓಟದ ಸ್ಪರ್ಧೆಗಾಗಿ ಕೊಳ್ಳುವವರಿಗೆ ನಾನು ಟಿಡಿಯನ್ನೇ ಹೇಳುತ್ತೇನೆ; ಈ ಸಲದ ಓಟಕ್ಕೂ ಅದರ ಹೆಸರನ್ನೇ ಕೊಟ್ಟಿದ್ದೇನೆ. ಟಿಸಿಯನ್ನು ಮಾಟುಂಗಾಕ್ಕೆ ಮರಳಿಸುವಾಗ ಮಿತ್ರರಲ್ಲಿ ಒಂದೇ ಕೋರಿಕೆ ಇಟ್ಟೆ: ವರ್ಷಕ್ಕೊಮ್ಮೆ, ಮಳೆ ನಿಂತ ಮೇಲೆ, ಖೋಪೋಲಿಯಿಂದ ಖಂಡಾಲಾಕ್ಕೆ ಹತ್ತುವ ದಾರಿಯಷ್ಟನ್ನು ನನಗೆ ಬಿಟ್ಟುಕೊಡಬೇಕು. ಅವರು ಒಪ್ಪಿದ್ದಾರೆ.