ಅವೆನ್ಯೂ ರಸ್ತೆಯ ಹಳೆ ಪುಸ್ತಕದಂಗಡಿಯಲ್ಲಿ ಮೂರು ಪೆಟ್ಟಿಗೆ ವಿಜ್ಞಾನ ಕಥೆಗಳು

ಮನೆ ಬದಲಾಯಿಸುವಾಗ ಅಟ್ಟದಿಂದ ಇಳಿದ ಮೂರು ರಟ್ಟಿನ ಪೆಟ್ಟಿಗೆಗಳಲ್ಲಿ ನಾನು ಬಾಲ್ಯದಲ್ಲಿ ಓದಿದ ವಿಜ್ಞಾನ ಕಥೆಗಳ ಪುಸ್ತಕಗಳಿದ್ದವು. ಹೊಸ ಮನೆಯಲ್ಲಿ ಅವುಗಳಿಗೆ ಜಾಗವಿಲ್ಲವೆಂದು ಖಚಿತವಾದ ಮೇಲೆ, ಬೆಂಗಳೂರಿನ ಅವೆನ್ಯೂ ರಸ್ತೆಯ ಅಡ್ಡರಸ್ತೆಯೊಂದರಲ್ಲಿರುವ ಹಳೆ ಪುಸ್ತಕದಂಗಡಿಗೆ ಆಟೋದಲ್ಲಿ ಹೇರಿಕೊಂಡು ಹೋದೆ. ಕೊಡುವವರು ಭಾನುವಾರದ ಸಂತೆಯಂಥ ಜನಜಂಗುಳಿಯನ್ನು ತಪ್ಪಿಸಿ, ವಾರದ ನಡುವೆ ಬೆಳಿಗ್ಗೆ ಹೋಗುವುದು ಒಳ್ಳೆಯದು.

ಅಂಗಡಿಯ ಯಜಮಾನರು ಪುಸ್ತಕಗಳನ್ನು ನೋಡುವ ಕ್ರಮವೇ ನನಗೆ ಹಿಡಿಸಿತು. ಪ್ರತಿಯೊಂದನ್ನೂ ನಡುವೆ ತೆರೆದು, ಬೆನ್ನನ್ನು ಮೆಲ್ಲಗೆ ಬಾಗಿಸಿ, ಅಂಟು ಉಳಿದಿದೆಯೇ ಎಂದು ಪರೀಕ್ಷಿಸಿದ ಮೇಲೆಯೇ ಬೆಲೆ ಹೇಳುತ್ತಾರೆ: ನಗದಾದರೆ ಮುದ್ರಿತ ಬೆಲೆಯ ಕಾಲುಭಾಗ, ಬೇರೆ ಪುಸ್ತಕ ಕೊಳ್ಳುವುದಾದರೆ ಅರ್ಧ. ಅಸಿಮೋವ್‌ನ ರೋಬಾಟ್ ಕಥೆಗಳ ಸಂಕಲನವನ್ನು ಬಾಗಿಸಿದಾಗ, ರೋಬಾಟ್‌ಗಳು ಪಾಲಿಸಲೇಬೇಕಾದ ಮೂರು ನಿಯಮಗಳನ್ನು ಮೊದಲ ಬಾರಿಗೆ ಪೂರ್ತಿಯಾಗಿ ಹೇಳಿದ 1942ರ ಕಥೆಯ ಹಾಳೆಗಳು ಅವರ ಕೈಗೇ ಬಂದವು. ಅವನ್ನು ಅಂಚು ಕೂಡಿಸಿ ಒಳಗಿಟ್ಟು, ಪುಸ್ತಕವನ್ನು ನನ್ನ ಕಡೆಗೆ ಸರಿಸಿದರು. ಮಾಸ್ಕೋದಲ್ಲಿ ಅಚ್ಚಾಗಿ, ನವಕರ್ನಾಟಕದ ಮಳಿಗೆಯಲ್ಲಿ ಅಗ್ಗಕ್ಕೆ ಸಿಗುತ್ತಿದ್ದ ಸೋವಿಯತ್ ಪುಸ್ತಕಗಳ ದಾರದ ಹೊಲಿಗೆ ಮಾತ್ರ ಇನ್ನೂ ಗಟ್ಟಿಯಾಗಿತ್ತು. ಅವುಗಳ ಬೆಲೆ ಮೂರೋ ನಾಲ್ಕೋ ರೂಪಾಯಿ. ಕಾಲುಭಾಗವೆಂದರೆ ಚಿಲ್ಲರೆ ಕಾಸು. ಆದರೆ ಅವನ್ನು ಹುಡುಕಿಕೊಂಡು ಬರುವವರಿದ್ದಾರೆಂದು ತಾವಾಗಿಯೇ ತಿಳಿಸಿ ಒಂದೊಂದಕ್ಕೆ ಅರವತ್ತು ರೂಪಾಯಿ ಕೊಟ್ಟರು. ಹೇಳದೆ ಇದ್ದಿದ್ದರೆ ನನಗೆ ಗೊತ್ತೇ ಆಗುತ್ತಿರಲಿಲ್ಲ.

ಫ್ರೆಂಚ್ ಲೇಖಕ ಜೂಲ್ಸ್ ವೆರ್ನ್‌ನ ಎರಡು ಕಾದಂಬರಿಗಳನ್ನು ಕೊಡುವಾಗ ಕೈ ಸ್ವಲ್ಪ ತಡೆಯಿತು. ಜಲಾಂತರ್ನೌಕೆಯ ಕ್ಯಾಪ್ಟನ್ ನೆಮೊ ನಿಜವಾಗಿ ಬುಂದೇಲಖಂಡದ ರಾಜಕುಮಾರ ದಕ್ಕಾರನೆಂದೂ, 1857ರ ದಂಗೆಯಲ್ಲಿ ಇಂಗ್ಲಿಷರ ವಿರುದ್ಧ ಹೋರಾಡಿದವನೆಂದೂ ಎರಡನೆಯ ಕಾದಂಬರಿಯ ಕೊನೆಯಲ್ಲಿ ಓದಿದ ದಿನ, ನಾನು ಅಡುಗೆಮನೆಗೆ ಓಡಿ "ಅಮ್ಮಾ, ನೆಮೊ ನಮ್ಮವನೇ ಕಣಮ್ಮಾ" ಎಂದು ಕೂಗಿದ್ದೆ. ರೊಟ್ಟಿ ತಟ್ಟುತ್ತಿದ್ದ ಅಮ್ಮ ತಲೆಯೆತ್ತದೆ, "ಬುಂದೇಲಖಂಡಕ್ಕೆ ಸಮುದ್ರ ಎಲ್ಲಿದೆಯೋ?" ಎಂದು ಕೇಳಿದ್ದರು. ಆ ಪ್ರಶ್ನೆಗೆ ನನ್ನಲ್ಲಿ ಇಂದಿಗೂ ಉತ್ತರವಿಲ್ಲ. ಎರಡನ್ನೂ ಕೊಟ್ಟೆ, ಹೊಸ ಪ್ರತಿಗಳು ಎಲ್ಲೆಡೆ ಸಿಗುತ್ತವೆ.

ನನ್ನ ತಕರಾರು ಕನ್ನಡ ಪುಸ್ತಕಗಳ ವಿಷಯದಲ್ಲಿ. ರಾಜಶೇಖರ ಭೂಸನೂರಮಠರ ಪುಸ್ತಕಗಳೂ ಸೇರಿದಂತೆ ಹದಿನೇಳನ್ನು ತೆರೆದೂ ನೋಡದೆ ತಕ್ಕಡಿಗೆ ಹಾಕಿ, "ಕನ್ನಡದ್ದು ಕೆಜಿ ಲೆಕ್ಕ ಸಾರ್, ಕೇಳೋರಿಲ್ಲ" ಎಂದರು. ವ್ಯಾಪಾರದ ದೃಷ್ಟಿಯಿಂದ ಅದು ಸರಿಯಿರಬಹುದು. ಆದರೆ ಸೋವಿಯತ್ ಪುಸ್ತಕಗಳ ಬೆಲೆ ಬಲ್ಲವರು, ಮರುಮುದ್ರಣ ಕಾಣದೆ ಕಣ್ಮರೆಯಾಗುತ್ತಿರುವ ಕನ್ನಡ ವಿಜ್ಞಾನ ಕಥೆಗಳನ್ನು ಒಮ್ಮೆಯಾದರೂ ಬಿಡಿಸಿ ನೋಡಬೇಕಿತ್ತು. ಹದಿನೇಳನ್ನೂ ವಾಪಸ್ ತಂದೆ. ಇಂಗ್ಲಿಷ್ ಪುಸ್ತಕಗಳಿಗೆ ಈ ಅಂಗಡಿಯನ್ನು ನಿಸ್ಸಂಕೋಚವಾಗಿ ಸೂಚಿಸುತ್ತೇನೆ; ಕನ್ನಡದವನ್ನು ಕೊಡುವವರು ಬೇರೆ ದಾರಿ ನೋಡಿಕೊಳ್ಳಬೇಕು.

ಗ್ರಂಥಾಲಯದ ಮುದ್ರೆಯಿರುವ ಪುಸ್ತಕಗಳನ್ನು ಇಲ್ಲಿ ಯಾವ ಬೆಲೆಗೂ ತೆಗೆದುಕೊಳ್ಳುವುದಿಲ್ಲ. ವೆಲ್ಸ್‌ನ ಮಂಗಳಗ್ರಹದವರ ಕಥೆಯ ನನ್ನ ಪ್ರತಿಯಲ್ಲಿ ನಮ್ಮ ಪ್ರೌಢಶಾಲೆಯ ಮುದ್ರೆಯನ್ನೂ, ಹಿಂದಿರುಗಿಸಬೇಕಿದ್ದ ದಿನಾಂಕದ ಚೀಟಿಯನ್ನೂ ಬೆರಳಿಟ್ಟು ತೋರಿಸಿ, ಯಜಮಾನರು ಮೊದಲ ಬಾರಿಗೆ ನಕ್ಕರು. ಚೀಟಿಯಲ್ಲಿದ್ದದ್ದು 1989ರ ಆಗಸ್ಟ್.