ಕುಲುಮೆಯಲ್ಲಿ ಹೇಳಿ ಮಾಡಿಸಿದ ಕೊಡಲಿ: ದೀರ್ಘಕಾಲದ ಬಳಕೆಯ ನಂತರದ ವಿಮರ್ಶೆ

ಮಲೆನಾಡಿನ ಅಡಿಕೆ ಮನೆಗಳಲ್ಲಿ ಕೊಯ್ಲು ಆರಂಭವಾಯಿತೆಂದರೆ, ಸುಲಿದ ಹಸಿ ಅಡಿಕೆಯನ್ನು ಹಂಡೆಯಲ್ಲಿ ಬೇಯಿಸುವ ಒಲೆ ವಾರಗಟ್ಟಲೆ ಆರುವುದಿಲ್ಲ. ಆ ಒಲೆಗೆ ಸೌದೆ ಒಡೆಯುವುದೇ ಕೊಡಲಿಗೆ ನಿಜವಾದ ಪರೀಕ್ಷೆ. ತೀರ್ಥಹಳ್ಳಿ ಸೀಮೆಯ ಒಂದು ಹಳ್ಳಿ ಕುಲುಮೆಯಲ್ಲಿ ಹೇಳಿ ಮಾಡಿಸಿದ ಕೊಡಲಿಯನ್ನು ಈ ಕೆಲಸಕ್ಕೆ ಹತ್ತು ವರ್ಷಕ್ಕೂ ಮೀರಿ ಬಳಸಿದ ಅನುಭವದ ಮೇಲೆ ಇದನ್ನು ಬರೆಯುತ್ತಿದ್ದೇನೆ. ತಲೆಯ ತೂಕ ಸುಮಾರು 1.5 ಕಿಲೋ, ಕಾವಿನ, ಎಂದರೆ ಮರದ ಹಿಡಿಯ, ಉದ್ದ 80 ಸೆಂಟಿಮೀಟರ್, ಬೆಲೆ ಪೇಟೆಯ ಅಂಗಡಿಯಲ್ಲಿ ಸಿಗುವ ಕಾರ್ಖಾನೆಯ ಕೊಡಲಿಯ ಎರಡು ಪಟ್ಟಿಗೂ ಮಿಗಿಲು. ಅಷ್ಟು ಬೆಲೆಗೆ ಅದು ತಕ್ಕದ್ದೇ ಎಂಬ ಪ್ರಶ್ನೆಗೆ ಮೊದಲ ವರ್ಷದಲ್ಲಿ ಉತ್ತರ ಸಿಗುವುದಿಲ್ಲ, ಏಕೆಂದರೆ ಹೊಸದಾಗಿರುವಾಗ ಎಲ್ಲ ಕೊಡಲಿಗಳೂ ಕಡಿಯುತ್ತವೆ. ಬಾಯಿ ಸವೆದು, ಕಾವು ಒಣಗಿ, ಹಲವು ಮಳೆಗಾಲಗಳು ಕಳೆದ ಮೇಲೂ ಅದನ್ನು ಮೊದಲಿನ ಸ್ಥಿತಿಗೆ ತರಲು ಸಾಧ್ಯವಾಗುತ್ತದೆಯೇ ಎಂಬುದರಲ್ಲಿ ಅದರ ಗುಣ ತಿಳಿಯುತ್ತದೆ.

ಈ ಕೊಡಲಿಯ ತಲೆ ಒಂದೇ ಲೋಹದ್ದಲ್ಲ. ಮೆದುವಾದ ಕಬ್ಬಿಣದ ದಪ್ಪ ಪಟ್ಟಿಯನ್ನು ಕಾಯಿಸಿ ಮಡಿಚಿ, ಮಡಿಕೆಯಲ್ಲಿ ಕಾವು ಕೂರುವ ಕಣ್ಣನ್ನು ಬಿಟ್ಟು, ಉಳಿದ ಎರಡು ಪದರಗಳ ನಡುವೆ ಲಾರಿಯ ಹಳೆಯ ಪಟ್ಟಾದಿಂದ (ಚಕ್ರದ ಮೇಲಿನ ಸ್ಪ್ರಿಂಗ್ ಪಟ್ಟಿಯಿಂದ) ಕತ್ತರಿಸಿದ ಉಕ್ಕಿನ ತುಂಡನ್ನು ಇಟ್ಟು, ಬಿಳಿಗಾರ ಉದುರಿಸಿ, ಬೆಳ್ಳಗೆ ಕಾದಾಗ ಬಡಿದು ಒಂದಾಗಿಸಿದ್ದಾರೆ. ಬಿಳಿಗಾರ ಕರಗಿ ಕಿಟ್ಟವನ್ನು ಹೊರಕ್ಕೆ ಹರಿಸುವುದರಿಂದ ಶುದ್ಧ ಲೋಹಕ್ಕೆ ಶುದ್ಧ ಲೋಹ ಅಂಟುತ್ತದೆ. ಪಟ್ಟಾದ ಉಕ್ಕಿನಲ್ಲಿ ಇಂಗಾಲ ಸಾಮಾನ್ಯವಾಗಿ ಶೇಕಡಾ 0.5ರಿಂದ 0.6ರಷ್ಟಿದ್ದು, ಅದರೊಂದಿಗೆ ಸಿಲಿಕಾನ್ ಮತ್ತು ಮ್ಯಾಂಗನೀಸ್ ಬೆರೆತಿರುತ್ತವೆ. ಬಾಗಿ ಮತ್ತೆ ನೆಟ್ಟಗಾಗಲೆಂದೇ ತಯಾರಾದ ಈ ಉಕ್ಕು ಪೆಟ್ಟು ತಿನ್ನುವ ಕೆಲಸಕ್ಕೆ ಚೆನ್ನಾಗಿ ಒಗ್ಗುತ್ತದೆ. ಕೊಡಲಿ ಕೊಳ್ಳುವವರು ಬಾಯಿಯ ಎರಡೂ ಕೆನ್ನೆಗಳಲ್ಲಿ ಉಕ್ಕು ಮತ್ತು ಕಬ್ಬಿಣ ಸೇರಿದ ಗೆರೆಯನ್ನು ಬೆಳಕಿಗೆ ಹಿಡಿದು ನೋಡಬೇಕು. ಬಣ್ಣದ ವ್ಯತ್ಯಾಸ ಮಾತ್ರ ಕಂಡರೆ ಅದು ಒಳ್ಳೆಯ ಬೆಸುಗೆ. ಉಗುರು ಸಿಕ್ಕಿಕೊಳ್ಳುವಂಥ ಬಿರುಕಿದ್ದರೆ, ಬೆಲೆ ಎಷ್ಟೇ ಕಡಿಮೆಯಿದ್ದರೂ ಬೇಡವೆನ್ನಬೇಕು.

ಇನ್ನು ಹದದ ಮಾತು. ಕಮ್ಮಾರರು ಇಡೀ ತಲೆಯನ್ನು ನೀರಿಗೆ ಹಾಕುವುದಿಲ್ಲ. ಕೆಂಪಗೆ ಕಾದ ಬಾಯಿಯ ಅಂಚನ್ನು ಮಾತ್ರ ಅದ್ದಿ ತೆಗೆದು, ಅಲ್ಲಿಯ ಕರಿಯನ್ನು ಕಲ್ಲಿನಿಂದ ಉಜ್ಜಿ ಹೊಳಪು ತಂದು, ಹಿಂಬದಿಯಲ್ಲಿ ಉಳಿದ ಶಾಖ ನಿಧಾನವಾಗಿ ಬಾಯಿಯತ್ತ ಹರಿದು ಬರುವುದನ್ನು ಕಾಯುತ್ತಾರೆ. ಹೊಳಪಿನ ಮೇಲೆ ಮೊದಲು ತೆಳು ಹುಲ್ಲಿನ ಬಣ್ಣ, ಆಮೇಲೆ ಕಂದು, ನೇರಳೆ, ಕೊನೆಗೆ ನೀಲಿ ಓಡುತ್ತವೆ. ಹುಲ್ಲಿನ ಬಣ್ಣ ಬರುವುದು ಸುಮಾರು 220 ಡಿಗ್ರಿ ಸೆಲ್ಸಿಯಸ್‌ನಲ್ಲಿ, ನೀಲಿ ಬರುವುದು 300ರ ಸುತ್ತ. ಕಂದು ನೇರಳೆಗೆ ತಿರುಗುವ ಗಳಿಗೆಯಲ್ಲಿ ಮತ್ತೆ ನೀರಿಗೆ ಇಳಿಸಿದರೆ ಬಾಯಿ ಗಡುಸಾಗಿಯೂ ಮುಕ್ಕಾಗದಷ್ಟು ಜಿಗುಟಾಗಿಯೂ ನಿಲ್ಲುತ್ತದೆ. ಉಷ್ಣಮಾಪಕವಿಲ್ಲದೆ ಕಣ್ಣಳತೆಯಿಂದ ಮಾಡುವ ಈ ಕೆಲಸಕ್ಕೆ ಕುಲುಮೆಯ ಅರೆಗತ್ತಲೆ ಅತ್ಯಗತ್ಯ. ಬಿಸಿಲಿನಲ್ಲಿ ಕಾದ ಲೋಹದ ಬಣ್ಣ ಸರಿಯಾಗಿ ಕಾಣುವುದಿಲ್ಲ. ನನ್ನ ಕೊಡಲಿಯ ಬಾಯಿಗೆ ಅರ ಹಾಕಿದಾಗ ಅದು ಜಾರುವುದೂ ಇಲ್ಲ, ಸೀಮೆಸುಣ್ಣ ಸವೆಯುವಂತೆ ಸುಲಭವಾಗಿ ಕಚ್ಚುವುದೂ ಇಲ್ಲ. ಹದ ಸರಿಯಾಗಿದೆ ಎನ್ನಲು ಮನೆಯಲ್ಲಿ ಮಾಡಬಹುದಾದ ಪರೀಕ್ಷೆ ಇದೊಂದೇ, ಮತ್ತು ಅದು ಸಾಕು.

ಕೊರತೆಗಳನ್ನೂ ಹೇಳಬೇಕು. ಹೇಳಿದ ದಿನಕ್ಕೆ ಕೊಡಲಿ ಸಿಗಲಿಲ್ಲ. ಕತ್ತಿ, ಗುದ್ದಲಿಗಳ ಕೆಲಸ ಒತ್ತರಿಸಿದ್ದ ಕಾಲದಲ್ಲಿ ಅದು ಅಟ್ಟಕ್ಕೆ ಬಿತ್ತು. ಕೈಗೆ ಬಂದಾಗ ಕೆನ್ನೆಗಳು ಒರಟಾಗಿದ್ದವು, ಬಾಯಿ ಅಗತ್ಯಕ್ಕಿಂತ ದಪ್ಪವಾಗಿತ್ತು, ಕಣ್ಣಿನ ಒಳ ಅಂಚು ಚೂಪಾಗಿ ಉಳಿದಿತ್ತು. ಒಳ ಅಂಚು ಚೂಪಾಗಿದ್ದರೆ ಅದು ಪ್ರತಿ ಪೆಟ್ಟಿಗೂ ಕಾವಿನ ನಾರನ್ನು ಕೊಯ್ಯುತ್ತದೆ, ಆದ್ದರಿಂದ ಕಾವು ಹಾಕುವ ಮೊದಲೇ ಅದನ್ನು ದುಂಡು ಅರದಿಂದ ಮೊಂಡು ಮಾಡಬೇಕು. ಈ ಮೂರನ್ನೂ ಸರಿಪಡಿಸಲು ಬಿಡುವಿನ ಒಂದು ಮಧ್ಯಾಹ್ನ ಸಾಕಾಗುತ್ತದೆ. ಆದರೂ ಇಷ್ಟು ಬೆಲೆ ತೆಗೆದುಕೊಳ್ಳುವವರು ಅದನ್ನು ಮುಗಿಸಿಯೇ ಕೊಡಬೇಕಿತ್ತು ಎಂಬುದು ನನ್ನ ಅಭಿಪ್ರಾಯ.

ಮಸೆಯುವ ವಿಷಯದಲ್ಲಿ ನನ್ನದು ಬಿಗಿಯಾದ ನಿಲುವು: ವಿದ್ಯುತ್ ಗ್ರೈಂಡರ್ ಕೊಡಲಿಯ ಬಾಯಿಯ ಹತ್ತಿರ ಬರಬಾರದು. ತೆಳುವಾದ ಅಂಚು ಕೆಲವೇ ಕ್ಷಣಗಳಲ್ಲಿ 300 ಡಿಗ್ರಿ ದಾಟುತ್ತದೆ. ಅಲ್ಲಿ ನೀಲಿ ಕಲೆ ಕಂಡಿತೆಂದರೆ ಕುಲುಮೆಯಲ್ಲಿ ಕಾದು ಕಾದು ತಂದ ಹದ ಅಷ್ಟು ಭಾಗದಲ್ಲಿ ಹೋಯಿತೆಂದೇ ಅರ್ಥ. ಕಲ್ಲಿಗೆ ತಾಗಿ ಸಣ್ಣ ಮುಕ್ಕಾದರೆ ಅರ, ದಿನನಿತ್ಯದ ಮೊಂಡಿಗೆ ಒರಟು ಮತ್ತು ನಯ ಎರಡು ಮುಖಗಳ ಕಾರ್ಬೊರಂಡಂ ಕಲ್ಲು, ಕೊನೆಗೆ ಹಳೆಯ ಚರ್ಮದ ಪಟ್ಟಿ: ಇಷ್ಟಿದ್ದರೆ ಬೇರೇನೂ ಬೇಡ. ಕಲ್ಲನ್ನು ಸಣ್ಣ ಸುತ್ತುಗಳಲ್ಲಿ ತಿರುಗಿಸುತ್ತ, ಅಂಚಿನಿಂದ ಕೆನ್ನೆಯವರೆಗೆ ಮೆಲ್ಲನೆ ವಾಲಿಸಿದರೆ ಬಾಯಿಗೆ ಬೇಕಾದ ಉಬ್ಬು ಉಳಿಯುತ್ತದೆ. ಉಬ್ಬಿಲ್ಲದೆ ಚಪ್ಪಟೆಯಾಗಿ ಮಸೆದ ಕೊಡಲಿ ಮೊದಲ ದಿನ ಬಹಳ ಹರಿತವೆನಿಸುತ್ತದೆ, ಆದರೆ ದಿಮ್ಮಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಉಬ್ಬು ಇದ್ದರೆ ಸೀಳು ಬಾಯಿಗಿಂತ ಮುಂದೆ ಓಡುತ್ತದೆ. ಒಂದು ಬದಿ ಮಸೆದಾಗ ಮತ್ತೊಂದು ಬದಿಯಲ್ಲಿ ಬೆರಳಿಗೆ ತೆಳು ಎಳೆಯೊಂದು ತಾಕುತ್ತದೆ, ಅದು ಅಂಚಿನ ಉದ್ದಕ್ಕೂ ಬಂದ ಮೇಲೆಯೇ ಬದಿ ಬದಲಿಸಬೇಕು. ಗಟ್ಟಿ ಮರವಾದ ಮತ್ತಿಗಿಂತಲೂ ಅಡಿಕೆ ಮರವೇ ಬಾಯಿಯನ್ನು ಬೇಗ ಮೊಂಡು ಮಾಡುತ್ತದೆ ಎಂಬುದನ್ನು ಹೊಸಬರು ನಂಬುವುದಿಲ್ಲ. ತಾಳೆಯ ಜಾತಿಯ ಮರಗಳ ನಾರಿನಲ್ಲಿ ಸಿಲಿಕಾದ ಸೂಕ್ಷ್ಮ ಕಣಗಳಿರುತ್ತವೆ, ಅಡಿಕೆ ಮರವನ್ನು ದಬ್ಬೆಗಳಾಗಿ, ಎಂದರೆ ಉದ್ದ ಪಟ್ಟಿಗಳಾಗಿ, ಸೀಳುವಾಗ ಬಾಯಿ ಮರಳಿನ ಮೇಲೆ ಎಳೆದಂತೆ ಸವೆಯುತ್ತದೆ. ದಬ್ಬೆಯ ಕೆಲಸಕ್ಕೆ ನಾನು ಬೇರೆ ಕತ್ತಿಯನ್ನು ಇಟ್ಟುಕೊಂಡಿದ್ದೇನೆ.

ಇಡೀ ಕೊಡಲಿಯಲ್ಲಿ ಹೆಚ್ಚು ಗಮನ ಕೇಳುವುದು ಕಾವು. ನಮ್ಮ ಕಡೆ ಕಾವಿಗೆ ತಡಸಲು ಮರ ಶ್ರೇಷ್ಠ. ಬಯಲು ಸೀಮೆಗೆ ಹೊಂದಿದ ಒಣ ಕಾಡುಗಳಲ್ಲಿ ದಿಂಡಿಗವನ್ನು ಬಳಸುತ್ತಾರೆ. ದಿಂಡಿಗ ಗಟ್ಟಿ, ತಡಸಲು ಬಳುಕುವಂಥದ್ದು. ಇಡೀ ದಿನ ಸೌದೆ ಒಡೆಯುವವರ ಮಣಿಕಟ್ಟಿಗೆ ಈ ಬಳುಕು ದೊಡ್ಡ ಉಪಕಾರ ಮಾಡುತ್ತದೆ. ಮರ ಯಾವುದೇ ಆಗಲಿ, ನಾರು ಕಾವಿನ ತುದಿಯಿಂದ ತುದಿಗೆ ಮುರಿಯದೆ ಹರಿದಿರಬೇಕು. ಕಾವಿನ ಬುಡದ ಕೊಯ್ತದಲ್ಲಿ ಕಾಣುವ ಗೆರೆಗಳು ಕೊಡಲಿಯ ಬಾಯಿ ನೋಡುವ ದಿಕ್ಕಿನಲ್ಲೇ ಇರಬೇಕು, ಅಡ್ಡಲಾಗಿರಬಾರದು. ಗರಗಸದಲ್ಲಿ ಕೊಯ್ದ ಹಲಗೆಯ ಕಾವಿಗಿಂತ ಸೀಳಿ ತೆಗೆದ ತುಂಡನ್ನು ಕೆತ್ತಿ ಮಾಡಿದ ಕಾವು ಬಾಳುವುದು ಇದೇ ಕಾರಣಕ್ಕೆ.

ತಲೆ ಸಡಿಲವಾದಾಗ ಕೊಡಲಿಯನ್ನು ರಾತ್ರಿಯಿಡೀ ನೀರಿನಲ್ಲಿ ನೆನೆಸಿಡುವ ರೂಢಿ ಎಲ್ಲ ಊರುಗಳಲ್ಲೂ ಇದೆ. ಬೆಳಿಗ್ಗೆ ತಲೆ ಅಲ್ಲಾಡದೆ ಕೂತಿರುತ್ತದೆ ನಿಜ, ಆದರೆ ಹಾನಿ ಆಗಿರುವುದು ಒಳಗೆ. ನೀರು ಕುಡಿದ ಮರ ಹಿಗ್ಗುತ್ತದೆ, ಕಬ್ಬಿಣದ ಕಣ್ಣು ಹಿಗ್ಗುವುದಿಲ್ಲ. ಜಾಗ ಸಾಲದ ನಾರುಗಳು ಒಂದನ್ನೊಂದು ಒತ್ತಿ ಜಜ್ಜಿಹೋಗುತ್ತವೆ. ಮತ್ತೆ ಒಣಗಿದಾಗ ಅವು ಮೊದಲಿಗಿಂತಲೂ ಸಣ್ಣದಾಗುತ್ತವೆ, ತಲೆ ಮೊದಲಿಗಿಂತಲೂ ಸಡಿಲವಾಗುತ್ತದೆ. ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಆಗುಂಬೆಯ ಸುತ್ತಮುತ್ತ, ನೆನೆಸದಿದ್ದರೂ ಗಾಳಿಯ ತೇವವೇ ಈ ಕೆಲಸವನ್ನು ಮಳೆಗಾಲದಲ್ಲಿ ಮಾಡುತ್ತದೆ. ಮಾರ್ಚ್ ಬಂದಾಗ ಅದರ ಫಲ ಕಾಣುತ್ತದೆ. ಇದಕ್ಕೆ ಪರಿಹಾರವೆಂದರೆ ಚೆನ್ನಾಗಿ ಒಣಗಿದ ಮರದ ಕಾವನ್ನು ಬೇಸಿಗೆಯಲ್ಲೇ ಕೂರಿಸಿ, ಗಟ್ಟಿ ಮರದ ಬೆಣೆಯನ್ನು ಹೊಡೆದು, ಕಣ್ಣಿನ ಮೇಲ್ಭಾಗದಲ್ಲಿ ತೆರೆದುಕೊಂಡಿರುವ ಕಾವಿನ ತುದಿಗೆ ಅಗಸೆ ಎಣ್ಣೆಯನ್ನು ಅದು ಹೀರುವುದು ನಿಲ್ಲುವವರೆಗೂ ಕುಡಿಸುವುದು. ಮರ ತೇವವನ್ನು ಹೆಚ್ಚು ಹೀರುವುದೂ ಬಿಡುವುದೂ ಈ ತುದಿಯಿಂದಲೇ.

ಅಗಸೆ ಎಣ್ಣೆಯೇ ಏಕೆ ಎಂದು ಕೇಳುವವರಿದ್ದಾರೆ. ತೆಂಗಿನೆಣ್ಣೆಯಾಗಲಿ ಹೊಂಗೆ ಎಣ್ಣೆಯಾಗಲಿ ಒಣಗಿ ಗಟ್ಟಿಯಾಗುವುದಿಲ್ಲ. ಕಾವು ಜಿಡ್ಡಾಗಿ ಕೈ ಜಾರುತ್ತದೆ. ಅಗಸೆ ಎಣ್ಣೆ ಗಾಳಿಯ ಆಮ್ಲಜನಕದೊಂದಿಗೆ ಸೇರಿ ನಾರಿನೊಳಗೇ ಗಟ್ಟಿಯಾಗುತ್ತದೆ. ತೆಳುವಾಗಿ ಹಚ್ಚಿ, ಅರ್ಧ ಗಂಟೆ ಬಿಟ್ಟು, ಉಳಿದದ್ದನ್ನು ಪೂರ್ತಿ ಒರೆಸಿ, ಕೆಲವು ದಿನ ಒಣಗಲು ಬಿಡಬೇಕು. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬಾರದು: ಎಣ್ಣೆ ಒಣಗುವಾಗ ಹುಟ್ಟುವ ಶಾಖ ಮುದ್ದೆಯೊಳಗೆ ಸಿಕ್ಕಿಕೊಂಡರೆ ಅದು ತಾನಾಗಿಯೇ ಹೊತ್ತಿಕೊಳ್ಳಬಲ್ಲದು. ಬಟ್ಟೆಯನ್ನು ಬಿಡಿಸಿ ಅಂಗಳದ ತಂತಿಗೆ ಹಾಕಬೇಕು, ಅಥವಾ ನೇರವಾಗಿ ಒಲೆಗೆ ಹಾಕಬೇಕು. ಹುಲ್ಲು, ಅಡಿಕೆ ಸಿಪ್ಪೆ ತುಂಬಿರುವ ನಮ್ಮ ಕೊಟ್ಟಿಗೆಗಳಲ್ಲಿ ಇದನ್ನು ಮರೆಯುವಂತಿಲ್ಲ.

ತಲೆಗೆ ಮಾತ್ರ ತೆಂಗಿನೆಣ್ಣೆ ಒಳ್ಳೆಯದೇ. ಕೆಲಸ ಮುಗಿದ ಮೇಲೆ ಮರದ ಸೊನೆಯನ್ನು ಒರೆಸಿ ತೆಳುವಾಗಿ ಸವರಿದರೆ ತುಕ್ಕು ಹತ್ತಿರ ಬರುವುದಿಲ್ಲ. ಮಳೆಗಾಲದಲ್ಲಿ ಚರ್ಮದ ಒರೆಯೊಳಗೆ ಇಟ್ಟರೆ ಚರ್ಮ ಹೀರಿದ ತೇವವೇ ಬಾಯಿಯನ್ನು ತಿನ್ನುತ್ತದೆ, ಆದ್ದರಿಂದ ಒರೆ ಓಡಾಟಕ್ಕೆ ಮಾತ್ರ. ಒಲೆಯ ಮೇಲಿನ ಅಟ್ಟ ತಲೆಗೆ ಹಿತ, ಕಾವಿಗೆ ಅಹಿತ. ಅಲ್ಲಿ ಕಾವು ಅತಿಯಾಗಿ ಒಣಗುತ್ತದೆ. ಅಡಿಗೆಮನೆಯ ಹೊರಗೋಡೆಗೆ, ಸೂರಿನ ಕೆಳಗೆ ತೂಗುಹಾಕಿರುವುದು ಎರಡಕ್ಕೂ ಸರಿಹೋಗಿದೆ. ಆಯುಧಪೂಜೆಯಲ್ಲಿ ಹಚ್ಚಿದ ಅರಿಶಿನ ಕುಂಕುಮವನ್ನು ಮರುದಿನ ಒದ್ದೆ ಬಟ್ಟೆಯಿಂದ ತೆಗೆದು ಎಣ್ಣೆ ಹಚ್ಚುವುದು ನಮ್ಮ ಮನೆಯ ಕ್ರಮ. ನೀರಿನಲ್ಲಿ ಕಲಸಿದ್ದು ಹಾಗೆಯೇ ಉಳಿದರೆ ಅದರಡಿಯಲ್ಲಿ ತುಕ್ಕಿನ ಚುಕ್ಕೆಗಳು ಏಳುತ್ತವೆ, ಮತ್ತು ಪೂಜಿಸಿದ ವಸ್ತುವನ್ನು ಚೊಕ್ಕಟವಾಗಿ ಇಡುವುದೂ ಪೂಜೆಯ ಭಾಗವೆಂದೇ ನಾನು ತಿಳಿದಿದ್ದೇನೆ.

ಹತ್ತು ವರ್ಷದ ಮಸೆತದಿಂದ ಬಾಯಿಯ ಉಕ್ಕು ಒಂದು ಬೆರಳಿನಷ್ಟು ಸವೆದು, ಕೆನ್ನೆ ದಪ್ಪವಾದಂತೆ ಅನ್ನಿಸತೊಡಗಿದಾಗ ಕೊಡಲಿಯನ್ನು ಅದೇ ಕುಲುಮೆಗೆ ಒಯ್ದು ಹಣಿಸಿಕೊಂಡು ಬಂದೆ. ಕಾವು ಬಿಚ್ಚಿ, ಕಾಯಿಸಿ, ಬಾಯಿಯನ್ನು ತೆಳ್ಳಗೆ ಬಡಿದು, ಮತ್ತೆ ಹದ ಹಾಕಿ ಕೊಟ್ಟರು. ಹೊಸದಾಗಿದ್ದಾಗ ಇದ್ದದ್ದಕ್ಕಿಂತ ಈಗಿನ ಬಾಯಿಯ ಆಕಾರ ಚೆನ್ನಾಗಿದೆ, ಏಕೆಂದರೆ ಸವೆತ ಎಲ್ಲಿ ಹೆಚ್ಚಾಗಿದೆ ಎಂಬುದನ್ನು ನೋಡಿ ನನ್ನ ಕೈಯ ಬೀಸು ಹೇಗಿದೆಯೆಂದು ಅವರು ತಿಳಿದುಕೊಂಡರು. ಮುಂದೆ ಉಕ್ಕು ಪೂರ್ತಿ ಮುಗಿದರೂ ಹೊಸ ತುಂಡನ್ನು ಬೆಸೆದು ಬಾಯಿ ಹಾಕಿಸಬಹುದು; ಮೇಲಿನ ಕಬ್ಬಿಣಕ್ಕೆ ಏನೂ ಆಗಿರುವುದಿಲ್ಲ. ಕಾರ್ಖಾನೆಯ ಅಗ್ಗದ ಕೊಡಲಿಯನ್ನು ಹೀಗೆ ಒಯ್ದರೆ, ಅದು ಯಾವ ಉಕ್ಕೆಂದು ತಿಳಿಯದೆ ಹದ ಹಾಕಲು ಕಮ್ಮಾರರು ಹಿಂಜರಿಯುತ್ತಾರೆ. ನಾನು ಕೊಟ್ಟ ಹೆಚ್ಚಿನ ಬೆಲೆ ಈ ಒಂದು ಭೇಟಿಯಲ್ಲಿಯೇ ತೀರಿತು.

ಸ್ವೀಡನ್ನಿನಲ್ಲಿ 1902ರಿಂದ ನಡೆದು ಬಂದಿರುವ ಗ್ರೆನ್ಸ್‌ಫೋರ್ಸ್ ಬ್ರೂಕ್ ಎಂಬ ಕೊಡಲಿ ಕಾರ್ಖಾನೆಯಲ್ಲಿ, ತಲೆಯನ್ನು ಬಡಿದು ಮಾಡಿದ ಕಮ್ಮಾರರ ಹೆಸರಿನ ಮೊದಲಕ್ಷರಗಳನ್ನು ಅದರ ಮೇಲೆ ಅಚ್ಚೊತ್ತುತ್ತಾರೆ. ನಮ್ಮ ಕುಲುಮೆಗಳಿಂದ ಬರುವ ಕೊಡಲಿಗಳ ಮೇಲೂ ಅಂಥ ಗುರುತು ಬರಬೇಕೆಂಬುದು ನನ್ನ ಆಸೆ. ಕೈಯ ಕೆಲಸಕ್ಕೆ ಹೆಸರು ಬಂದರೆ ಬೆಲೆಯೂ ಬರುತ್ತದೆ, ಬೆಲೆ ಬಂದರೆ ತಿದಿಯ ಮುಂದೆ ಕೂರಲು ಮುಂದಿನ ತಲೆಮಾರು ಮನಸ್ಸು ಮಾಡೀತು.

ವರ್ಷಕ್ಕೊಮ್ಮೆ ತೆಂಗಿನ ಗರಿ ಸವರುವವರಿಗೆ ಇಂಥ ಕೊಡಲಿ ಬೇಕಾಗಿಲ್ಲ. ಮರ ಕೊಯ್ಯುವ ಯಂತ್ರ ಮನೆಯಲ್ಲಿದ್ದರೂ ದಿಮ್ಮಿ ಒಡೆಯುವ, ಗೆಲ್ಲು ಸವರುವ ಕೆಲಸ ಪ್ರತಿ ವರ್ಷ ಇರುವವರು ಖಂಡಿತ ಮಾಡಿಸಿಕೊಳ್ಳಬಹುದು. ಅಡಿಕೆ ಕೊಯ್ಲಿನ ಮುಂಚೆ ಕುಲುಮೆಗಳಲ್ಲಿ ಕತ್ತಿಗಳ ಸಾಲೇ ಇರುತ್ತದೆ, ಆದ್ದರಿಂದ ಬೇಸಿಗೆಯಲ್ಲೇ ಹೇಳಿಡುವುದು ಲೇಸು. ಎರಡು ಮೂರು ತೂಕದ ಹಳೆಯ ಕೊಡಲಿಗಳನ್ನು ಅಲ್ಲೇ ಬೀಸಿ ನೋಡಿ, ನಿಮ್ಮ ತೋಳಿಗೆ ಒಪ್ಪುವ ತೂಕವನ್ನು ಹೇಳಿ. ಒಣಗಿದ ತಡಸಲಿನ ತುಂಡು ಮನೆಯಲ್ಲಿದ್ದರೆ ಅದನ್ನೂ ಜೊತೆಗೆ ಒಯ್ದರೆ ಕಣ್ಣನ್ನು ಅದರ ದಪ್ಪಕ್ಕೆ ಸರಿಯಾಗಿ ತೆಗೆದುಕೊಡುತ್ತಾರೆ.