ಹಂಡೆ ಒಲೆಯ ಕಟ್ಟಿಗೆಗೆ ಬ್ಯಾಟರಿ ಚೈನ್ ಸಾ: ಎರಡು ಮಳೆಗಾಲ ಕಳೆದ ಮೇಲೆ

ನಮ್ಮದು ಉಡುಪಿ ಜಿಲ್ಲೆಯ ಹಿರಿಯಡ್ಕದ ಕಡೆಯ ತೋಟದ ಮನೆ. ಗ್ಯಾಸ್ ಇದೆ, ಚಾವಣಿಯ ಮೇಲೆ ಸೋಲಾರ್ ಇದೆ. ಜೂನ್ ಬಂದರೆ ಸೋಲಾರ್ ಹೆಸರಿಗೆ ಮಾತ್ರ. ಹಾಗಾಗಿ ಬಚ್ಚಲಿನ ಹಂಡೆಗೂ ಕುಚ್ಚಲಕ್ಕಿ ಬೇಯುವ ಹೊರಗಿನ ಒಲೆಗೂ ವರ್ಷವಿಡೀ ಕಟ್ಟಿಗೆ ಬೇಕು. ಗೇರಿನ ಗೆಲ್ಲು, ಗಾಳಿಗೆ ಬಿದ್ದ ಹಲಸು, ಗುಡ್ಡೆಯ ಅಕೇಶಿಯಾ, ಹಾಲು ಬತ್ತಿದ ರಬ್ಬರ್ ಮರ ಎಲ್ಲವೂ ಒಲೆಗೆ ಹೋಗುವವೇ. ಇಷ್ಟನ್ನೂ ಹಲವು ವರ್ಷ ಪೆಟ್ರೋಲ್ ಚೈನ್ ಸಾದಲ್ಲೇ ಕೊಯ್ದೆ. ಈಗ ಕೈಯಲ್ಲಿರುವುದು 36 ವೋಲ್ಟಿನ, 14 ಇಂಚು ಬಾರಿನ (ಚೈನು ಸುತ್ತುವ ಉದ್ದ ಪಟ್ಟಿ) ಬ್ಯಾಟರಿ ಮೆಷಿನು.

ಪೆಟ್ರೋಲ್ ಮೆಷಿನಿನ ಶಕ್ತಿಯ ಬಗ್ಗೆ ನನಗೆ ಯಾವತ್ತೂ ದೂರು ಇರಲಿಲ್ಲ. ಸಿಟ್ಟು ಬರುತ್ತಿದ್ದದ್ದು ಅದನ್ನು ಚಾಲೂ ಮಾಡಲು ಎಳೆಯುವ ಹಗ್ಗದ ಮೇಲೆ. ಮಳೆಗಾಲವಿಡೀ ಮೂಲೆಯಲ್ಲಿ ಕುಳಿತದ್ದನ್ನು ದೀಪಾವಳಿ ಕಳೆದು ಹೊರಗೆ ತೆಗೆದರೆ ತೋಳು ಸೋಲುವವರೆಗೆ ಎಳೆಯಬೇಕು, ಪ್ಲಗ್ ಬಿಚ್ಚಿ ಒರೆಸಿ ಮತ್ತೆ ಎಳೆಯಬೇಕು. ಕೊನೆಗೆ ಸ್ಕೂಟರಿಗೆ ಕಟ್ಟಿಕೊಂಡು ಮೆಕ್ಯಾನಿಕ್ ಬಳಿಗೆ ಹೋದರೆ ಅವರು ಕಾರ್ಬುರೇಟರ್ ಬಿಚ್ಚಿ, ಒಳಗಿನ ರಬ್ಬರ್ ಪೊರೆ ಗಟ್ಟಿಯಾದದ್ದನ್ನು ತೋರಿಸುತ್ತಿದ್ದರು. ಬಂಕಿನ ಪೆಟ್ರೋಲಿನಲ್ಲಿ ಈಗ ಶೇಕಡ 20ರಷ್ಟು ಎಥೆನಾಲ್ ಇರುತ್ತದೆ. ಎಥೆನಾಲ್ ಗಾಳಿಯ ತೇವವನ್ನು ಎಳೆದುಕೊಳ್ಳುವ ಗುಣದ್ದು, ನಮ್ಮ ಕರಾವಳಿಯ ಗಾಳಿಯಲ್ಲಿ ತೇವಕ್ಕೆ ಬರವಿಲ್ಲ. ಆಯಿಲ್ ಬೆರೆಸಿಟ್ಟ ಪೆಟ್ರೋಲ್ ಕ್ಯಾನಿನಲ್ಲಿ ತಿಂಗಳುಗಟ್ಟಲೆ ಉಳಿದರೆ ಮೆಷಿನಿಗೆ ಹಾಕಲು ಧೈರ್ಯ ಬರುವುದಿಲ್ಲ. ವರ್ಷವಿಡೀ ದಿನವೂ ಕೊಯ್ಯುವವರಿಗೆ ಈ ಕಷ್ಟ ಗೊತ್ತೇ ಆಗಲಿಕ್ಕಿಲ್ಲ. ಮನೆ ಬಳಕೆಗೆ ಅಪರೂಪಕ್ಕೆ ತೆಗೆಯುವ ನಮ್ಮಂಥವರನ್ನು ಅದು ಹಿಡಿದು ಕಾಡುತ್ತದೆ.

ಬ್ಯಾಟರಿ ಮೆಷಿನಿನಲ್ಲಿ ಬದಲಾದದ್ದು ಕೆಲಸದ ಕ್ರಮವೇ. ಮೊದಲು ಒಂದು ಇಡೀ ದಿನವನ್ನು ಕಟ್ಟಿಗೆಗೆಂದೇ ಎತ್ತಿಡುತ್ತಿದ್ದೆ. ಮೆಷಿನು ಒಮ್ಮೆ ಚಾಲೂ ಆಯಿತೆಂದರೆ ಅದನ್ನು ನಿಲ್ಲಿಸಲು ಮನಸ್ಸು ಬರುತ್ತಿರಲಿಲ್ಲ. ಈಗ ಬೆಳಗಿನ ಕಾಫಿಗೂ ತಿಂಡಿಗೂ ನಡುವಿನ ಹೊತ್ತಿನಲ್ಲಿ ನಾಲ್ಕು ಗೆಲ್ಲು ತುಂಡು ಮಾಡಿ ಒಳಗೆ ಬರುತ್ತೇನೆ. ಗುಂಡಿ ಬಿಟ್ಟ ಕೂಡಲೇ ಸದ್ದು ನಿಲ್ಲುವುದರಿಂದ, ಮನೆಯವಳು ಕರೆದದ್ದು ಮೊದಲ ಸಲಕ್ಕೇ ಕೇಳಿಸುತ್ತದೆ. ಕೇಳಿಸಲಿಲ್ಲ ಎನ್ನುವ ಅನುಕೂಲ ಹೋಯಿತು. ಸಂಜೆಯ ಹೊತ್ತಿಗೆ ಕೈ ಜೋಮು ಹಿಡಿಯುತ್ತಿದ್ದುದೂ ನಿಂತಿದೆ. ಮೆಷಿನು ಹಗುರವಾಗಿರುತ್ತದೆ ಎಂದು ಮಾತ್ರ ತಿಳಿಯಬೇಡಿ, ಬ್ಯಾಟರಿ ಕೂಡಿಸಿದರೆ ತೂಕ ಹಳೆಯದರಷ್ಟೇ ಬರುತ್ತದೆ.

ಒಂದು ಬ್ಯಾಟರಿಗೆ ಎಷ್ಟು ಕಟ್ಟಿಗೆ ಎಂದು ಎಲ್ಲರೂ ಕೇಳುತ್ತಾರೆ. ನನ್ನ ಬ್ಯಾಟರಿ 5 ಆಂಪಿಯರ್-ಅವರ್‌ನದು. ಅದನ್ನು 36 ವೋಲ್ಟಿನಿಂದ ಗುಣಿಸಿದರೆ 180 ವ್ಯಾಟ್-ಅವರ್, ಎಂದರೆ ಒಂದು ಯುನಿಟ್ ಕರೆಂಟಿನ ಐದನೆಯ ಒಂದು ಭಾಗಕ್ಕೂ ಕಡಿಮೆ. ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 9 ಯುನಿಟ್ಟಿನಷ್ಟು ಶಕ್ತಿ ಇದೆ. ಸಣ್ಣ ಎಂಜಿನು ಅದರಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚನ್ನು ಬಿಸಿಯಾಗಿಯೂ ಹೊಗೆಯಾಗಿಯೂ ಹೊರಗೆ ಚೆಲ್ಲುತ್ತದೆ. ಹಾಗಿದ್ದರೂ ಅರ್ಧ ಲೀಟರ್ ಟ್ಯಾಂಕಿನ ಕೆಲಸಕ್ಕೆ ನಾಲ್ಕೈದು ಬ್ಯಾಟರಿ ಬೇಕಾಗುತ್ತದೆ. ಖರ್ಚಿನ ಲೆಕ್ಕ ಇದಕ್ಕೆ ತಿರುಗುಮುರುಗು: ಒಂದು ಸಲದ ಚಾರ್ಜು ಮೆಸ್ಕಾಂ ಬಿಲ್ಲಿನಲ್ಲಿ ಒಂದೆರಡು ರೂಪಾಯಿಯ ಮಾತು, ಪೆಟ್ರೋಲ್ ಲೀಟರಿಗೆ ನೂರು ದಾಟಿದೆ. ಆದರೆ ಎರಡನೆಯ ಬ್ಯಾಟರಿಗೆ ಮೆಷಿನಿನ ಬೆಲೆಯ ಅರ್ಧದಷ್ಟು ಕೊಟ್ಟಿದ್ದೇನೆ. ಅಷ್ಟು ಹಣ ಪೆಟ್ರೋಲಿನ ಉಳಿತಾಯದಲ್ಲಿ ಹುಟ್ಟಬೇಕಾದರೆ ನಾನು ಊರಿಗೆಲ್ಲ ಕಟ್ಟಿಗೆ ಕೊಯ್ದು ಕೊಡಬೇಕು!

ಹಸಿ ಮಾವು, ಹಸಿ ರಬ್ಬರ್, ತೊಡೆಗಾತ್ರದವರೆಗಿನ ಗೇರು, ಇವುಗಳಲ್ಲಿ ಹಳೆಯ ಮೆಷಿನಿಗೂ ಇದಕ್ಕೂ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಒಣಗಿದ ಅಕೇಶಿಯಾಕ್ಕೆ ಬಂದಾಗ ಬ್ಯಾಟರಿ ನೋಡುನೋಡುತ್ತಲೇ ಇಳಿಯುತ್ತದೆ. ಆದ್ದರಿಂದ ಜನವರಿ, ಫೆಬ್ರವರಿಯಲ್ಲಿ ಹಸಿಯಾಗಿರುವಾಗಲೇ ತುಂಡು ಮಾಡಿ, ಸೀಳಿ ಬಿಸಿಲಿಗೆ ಹಾಕಿ, ಮೇ ಕೊನೆಯ ಪತ್ತನಾಜೆಯೊಳಗೆ ಕೊಟ್ಟಿಗೆಗೆ ಸೇರಿಸುತ್ತೇನೆ. ಸತ್ತ ತೆಂಗಿನ ಮರವನ್ನು ಇದರಲ್ಲಿ ಕೊಯ್ಯಲು ಹೋಗುವುದೇ ಬೇಡ. ಅದರ ಹೊರಭಾಗ ಚೈನಿನ ಹಲ್ಲನ್ನು ತಿಂದು ಹಾಕುತ್ತದೆ. ಮೊಂಡು ಚೈನನ್ನು ಪೆಟ್ರೋಲ್ ಎಂಜಿನು ಜೋರಿನಿಂದ ಹೇಗೋ ಎಳೆದುಕೊಂಡು ಹೋಗುತ್ತಿತ್ತು, ಇದು ಸುಮ್ಮನೆ ನಿಂತುಬಿಡುತ್ತದೆ. ನನ್ನ ಚೈನಿಗೆ ಬೇಕಾದದ್ದು 4 ಮಿಲಿಮೀಟರಿನ ದುಂಡು ಅರ. ಮರಳುಮಣ್ಣು ತಾಗಿದ ಕೂಡಲೇ, ಇಲ್ಲವಾದರೆ ಹೊಟ್ಟಿನ ಬದಲು ನುಣುಪು ಪುಡಿ ಉದುರಲು ಶುರುವಾದಾಗ ಅರ ಹಾಕಲೇಬೇಕು. ಬಾರ್ ಆಯಿಲ್ ಇದಕ್ಕೂ ಬೇಕು, ನಿಲ್ಲಿಸಿಟ್ಟಲ್ಲಿ ಇದೂ ಸೋರುತ್ತದೆ. ಕೆಳಗೊಂದು ಹಳೆಯ ರಟ್ಟು ಹಾಕಿದ್ದೇನೆ.

ದೊಡ್ಡ ಮರ ಕೊಯ್ಯಲು ನಮ್ಮಲ್ಲಿಗೆ ಬರುವವರು ಮೊದಲ ದಿನ ಇದನ್ನು ಎತ್ತಿ ನೋಡಿ, "ಇದೇನಣ್ಣಾ, ಮಕ್ಕಳ ಆಟದ ಸಾಮಾನೇ?" ಎಂದು ನಕ್ಕಿದ್ದರು. ಈಗ ಮರ ಉರುಳಿಸಿದ ಮೇಲೆ ಗೆಲ್ಲು ಸವರಲು ಅವರೇ ಕೇಳಿ ತೆಗೆದುಕೊಳ್ಳುತ್ತಾರೆ. ತಾವು ಕೊಳ್ಳುವ ಮಾತನ್ನು ಮಾತ್ರ ಎತ್ತುವುದಿಲ್ಲ, ಅದು ಸರಿಯೇ. ಬೆಳಗಿನಿಂದ ಸಂಜೆಯವರೆಗೆ ಗುಡ್ಡೆಯಲ್ಲಿ ಕೊಯ್ಯುವವರಿಗೆ ಚಾರ್ಜಿನ ಪ್ಲಗ್ ಎಲ್ಲಿಂದ ಬರಬೇಕು?

ನನ್ನ ದೊಡ್ಡ ದೂರು ಚಾರ್ಜರಿನದು. ಏಪ್ರಿಲ್, ಮೇ ತಿಂಗಳ ಸೆಕೆಯಲ್ಲಿ ಕೆಲಸ ಮಾಡಿ ಬಿಸಿಯಾದ ಬ್ಯಾಟರಿಯನ್ನು ಅದು ಒಪ್ಪಿಕೊಳ್ಳುವುದಿಲ್ಲ, ತಣಿಯುವವರೆಗೆ ದೀಪ ಮಿಣುಕಿಸುತ್ತ ಕುಳಿತಿರುತ್ತದೆ. ಬ್ಯಾಟರಿಯ ಬಾಳಿಕೆಗೆ ಅದು ಒಳ್ಳೆಯದೇ ಇರಬಹುದು, ಬೆವರು ಸುರಿಸಿಕೊಂಡು ನಿಂತವನ ತಾಳ್ಮೆಗೆ ಒಳ್ಳೆಯದಲ್ಲ. ಸಂಜೆಯಾದರೆ ಗುಡುಗು ಸಿಡಿಲು, ಪ್ಲಗ್ ಕಿತ್ತಿಡಬೇಕು. ಆಮೇಲೆ ಕರೆಂಟೇ ಇರುವುದಿಲ್ಲ. ಇದರ ಮೇಲೆ ಕಳೆದ ವರ್ಷ ಚಾರ್ಜರೇ ಸತ್ತಿತು. ಮಾರಿದ ಅಂಗಡಿಯವರು ಇವತ್ತು ಬರುತ್ತದೆ, ನಾಳೆ ಬರುತ್ತದೆ ಎಂದು ವಾರಗಟ್ಟಲೆ ಓಡಾಡಿಸಿದರು. ವಾರಂಟಿಯಲ್ಲಿ ಹೊಸದು ಸಿಕ್ಕಿತು, ಅಷ್ಟರಲ್ಲಿ ಮಳೆ ಹಿಡಿದಿತ್ತು. ಪೆಟ್ರೋಲ್ ಮೆಷಿನನ್ನು ಬಿಚ್ಚಿ ಸರಿಮಾಡುವವರು ಉಡುಪಿಯಲ್ಲಿಯೂ ಕಾರ್ಕಳದಲ್ಲಿಯೂ ಇದ್ದಾರೆ. ಇದರ ಒಳಗಿನ ಎಲೆಕ್ಟ್ರಾನಿಕ್ಸ್ ಕೆಟ್ಟರೆ ಸ್ಥಳೀಯ ಮೆಕ್ಯಾನಿಕ್ ಕೈ ಹಾಕುವುದಿಲ್ಲ.

ಸದ್ದು ಕಡಿಮೆ ಇರುವ ಮೆಷಿನನ್ನು ಕಂಡರೆ ಹೆದರಿಕೆಯೂ ಕಡಿಮೆ, ಅದೇ ಅಪಾಯ. ನೆಂಟರೊಬ್ಬರು ಲುಂಗಿ ಉಟ್ಟುಕೊಂಡೇ ಇದನ್ನು ಹಿಡಿಯಲು ಬಂದಿದ್ದರು, ಕೊಡಲಿಲ್ಲ. ಚೈನು ಇದರಲ್ಲೂ ಅದೇ, ಬಾರಿನ ತುದಿ ಮರಕ್ಕೆ ತಾಗಿದರೆ ಮುಖದ ಕಡೆಗೆ ಹಾರುವುದೂ ಅದೇ. ಚೈನು ಬಿಗಿ ಮಾಡುವ ಮೊದಲು ಬ್ಯಾಟರಿ ಕಳಚಿ ಪಕ್ಕಕ್ಕೆ ಇಡುತ್ತೇನೆ.

ಮನೆಯ ಒಲೆಗೆ ಮಾತ್ರ ಕಟ್ಟಿಗೆ ಬೇಕಾದವರು, ದೊಡ್ಡ ಮರಕ್ಕೆ ಜನ ಕರೆಯುವವರು ಧೈರ್ಯವಾಗಿ ಕೊಳ್ಳಬಹುದು. ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ, ಕಳೆದ ಒಂದು ಅಂಕ ಪೂರ್ತಿ ಚಾರ್ಜರಿನ ಲೆಕ್ಕಕ್ಕೆ. ಆನ್‌ಲೈನಿನಲ್ಲಿ ಬೆಲೆ ತೀರಾ ಕಡಿಮೆ ಕಂಡರೆ ಹಣ ಕಟ್ಟುವ ಮುನ್ನ ಪೆಟ್ಟಿಗೆಯಲ್ಲಿ ಏನೇನಿದೆ ಎಂದು ಓದಿ. ಬ್ಯಾಟರಿಯೂ ಚಾರ್ಜರೂ ಇಲ್ಲದೆ ಬರೀ ಮೆಷಿನನ್ನು ಮಾರುವುದು ಈ ಸಾಮಾನುಗಳಲ್ಲಿ ಮಾಮೂಲು.